ಜಾನಕಿ ಟೀಚರ್ ಓದಿದ ಸಾವಿರ ವಾಕ್ಯ

ಕಳೆದ ತಿಂಗಳು ಮೈಸೂರಿನ ಬ್ಯಾಂಕೊಂದರಲ್ಲಿ ಟೋಕನ್ ಹಿಡಿದು ಕೂತಿದ್ದೆ. ಗೋಡೆಯ ಸ್ಪೀಕರಿನಿಂದ ಹೆಣ್ಣು ದನಿಯೊಂದು, "ಟೋಕನ್ ಸಂಖ್ಯೆ ನಲವತ್ತೆರಡು, ಮೂರನೇ ಕೌಂಟರಿಗೆ ಬನ್ನಿ" ಎಂದು ಕರೆಯಿತು. ನನ್ನದೇ ಸಂಖ್ಯೆ. ನಾನು ಏಳಲಿಲ್ಲ. ಉಸಿರು ತೆಗೆದುಕೊಳ್ಳದೆ ಮಾತಾಡುವ ಆ ಯಂತ್ರದ ದನಿಯನ್ನು ಆರು ವರ್ಷದ ಹಿಂದೆ ಮೂರ್ನಾಡಿನ ಒಂದು ಮನೆಯ ಜಗಲಿಯಲ್ಲಿ ಕೇಳಿದ್ದೆ. ಅದು ಅಲ್ಲಿಗೆ ಬಂದದ್ದು ನನ್ನಿಂದ. ಪಕ್ಕದಲ್ಲಿ ಕೂತಿದ್ದವರು ಮೊಣಕೈ ತಟ್ಟಿ "ನಿಮ್ಮದೇ ಅಲ್ವೇನಮ್ಮಾ?" ಎಂದಾಗ ಎದ್ದು, ಕೌಂಟರಿಗೆ ಹೋಗದೆ ಹೊರಗೆ ಬಂದುಬಿಟ್ಟೆ.

ಆ ವರ್ಷ ನಾನು ಮೂರ್ನಾಡಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಗುತ್ತಿಗೆ ಟೀಚರಾಗಿದ್ದೆ. ನನ್ನ ಊರು ಕೊಳ್ಳೇಗಾಲದ ಕಡೆ. ಮಳೆ ಎಂದರೆ ಬಂದು, ನೆನೆಸಿ, ಹೋಗುವಂಥದ್ದು ಎಂದೇ ತಿಳಿದಿದ್ದವಳು. ಇಲ್ಲಿ ಜೂನ್ ಎರಡನೇ ವಾರ ಹಿಡಿದ ಮಳೆ ಹೋಗುವ ಮಾತೇ ಎತ್ತಲಿಲ್ಲ. ಒಗೆದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಹೊಗೆ ವಾಸನೆಯ ಸೀರೆಯುಟ್ಟು ಶಾಲೆಗೆ ಹೋಗುತ್ತಿದ್ದೆ. ಚಪ್ಪಲಿ ಬಿಚ್ಚಿದರೆ ಬೆರಳ ಸಂದಿಯಲ್ಲಿ ಜಿಗಣೆ.

ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಜಾನಕಿ ಟೀಚರ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಐವತ್ತನಾಲ್ಕು ವರ್ಷದ ನೆಟ್ಟನೆಯ ಹೆಂಗಸು. ಏನನ್ನೇ ಆಗಲಿ ಎರಡು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಅವರ ಗಂಡ ಕುಶಾಲಪ್ಪಣ್ಣ ಹುದಿಕೇರಿ, ಕುಟ್ಟದ ಎಸ್ಟೇಟುಗಳಿಗೆ ಪಿಕಪ್ ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆ ಅವರ ಎರಡು ಕಣ್ಣನ್ನೂ ತಿಂದು ಆಗ ನಾಲ್ಕು ವರ್ಷವಾಗಿತ್ತು. ಮಕ್ಕಳಿಲ್ಲ. ಆ ಮನೆ ನಡೆಯುತ್ತಿದ್ದದ್ದೇ ಟೀಚರ ದನಿಯಿಂದ. ಅವರು ಅಡುಗೆಮನೆಯಲ್ಲೇ ನಿಂತು, "ಮೆಟ್ಟಿಲು ಉಟ್ಟು" ಎನ್ನುವರು, ಜಗಲಿಯಲ್ಲಿ ಕುಶಾಲಪ್ಪಣ್ಣನ ಕಾಲು ತಡೆದು ನಿಲ್ಲುವುದು. "ಲೋಟ ಬಲಗಡೆ ಉಟ್ಟು, ಬಿಸಿ ಉಟ್ಟು." ಮನೆಯಲ್ಲಿ ಅವರಾಡುತ್ತಿದ್ದದ್ದು ಅರೆಭಾಷೆ. ಉಟ್ಟು ಎಂದರೆ ಇದೆ ಎಂದು ನಾನು ಮೊದಲ ದಿನವೇ ಕಲಿತೆ. ಆ ಮನೆಯಲ್ಲಿ ದಿನಕ್ಕೆ ನೂರು ಸಲವಾದರೂ ಕಿವಿಗೆ ಬೀಳುತ್ತಿದ್ದ ಮಾತು ಅದು.

ಬೇಸಿಗೆಯಿಂದಲೇ ಟೀಚರ ಗಂಟಲು ಒಡೆದಿತ್ತು. ಸೀಮೆಸುಣ್ಣದ ಧೂಳೆಂದು ಜ್ಯೇಷ್ಠಮಧು ಜಗಿಯುತ್ತಾ ಕಳೆದರು. ಜೂನ್ ಕೊನೆಗೆ ಮೈಸೂರಿನ ಆಸ್ಪತ್ರೆಗೆ ಹೋಗಿಬಂದವರು ಜಗಲಿಯಲ್ಲಿ ಕೂತು ನನ್ನನ್ನು ಕರೆದರು. ಕುಶಾಲಪ್ಪಣ್ಣ ಒಳಗೆ ಮಲಗಿದ್ದರು.

"ಸುಮ, ಸ್ವರದ ಪೆಟ್ಟಿಗೇನೇ ತೆಗೀಬೇಕಂತೆ. ತೆಗೆದ್ರೆ ಜೀವ ಉಳೀತದೆ, ಮಾತು ಉಳಿಯೂದಿಲ್ಲ."

"ಬರೆದು ತೋರಿಸಬಹುದಲ್ಲ ಟೀಚರ್" ಎಂದುಬಿಟ್ಟೆ.

"ಯಾರಿಗೆ ತೋರಿಸ್ಲಿ ಮಾರಾಯ್ತಿ?" ಎಂದು ಒಳಕೋಣೆಯ ಕಡೆ ನೋಡಿದರು. "ಇವರು ನೋಡೂದು ನನ್ನ ಬಾಯಿಂದ."

ಆ ರಾತ್ರಿ ನನಗೆ ನವೀನನ ನೆನಪಾಯಿತು. ನನ್ನ ಜೊತೆ ಓದಿದವನು, ಮೈಸೂರಿನಲ್ಲಿ ಕಂಪ್ಯೂಟರಿಗೆ ಕನ್ನಡ ಮಾತು ಕಲಿಸುವ ಕೆಲಸದಲ್ಲಿದ್ದ. ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ಒಬ್ಬರ ದನಿಯಲ್ಲಿ ಸಾವಿರ ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಟ್ಟರೆ, ಆಮೇಲೆ ಅವರು ಏನನ್ನು ಟೈಪ್ ಮಾಡಿದರೂ ಕಂಪ್ಯೂಟರು ಅವರದೇ ದನಿಯಲ್ಲಿ ಹೇಳುವಂತೆ ಮಾಡಬಹುದು ಎಂದ. ಆಗಿನ ವಿಧಾನಕ್ಕೆ ಅಷ್ಟು ಬೇಕಿತ್ತು. "ಒಡಕು ದನಿ ಆದ್ರೂ ಪರವಾಗಿಲ್ಲ, ಪೂರ್ತಿ ಹೋಗೋದರೊಳಗೆ ಓದಿಸು" ಎಂದ. ಆಪರೇಷನ್ನಿನ ದಿನ ಗೊತ್ತಾಗಿತ್ತು: ಆಟಿ ತಿಂಗಳ ಹದಿನೆಂಟರ ಹಬ್ಬ, ಅಂದರೆ ಆಗಸ್ಟ್ ಮೂರು, ಕಳೆದು ನಾಲ್ಕನೇ ದಿನ. ನಮ್ಮ ಕೈಯಲ್ಲಿದ್ದದ್ದು ಐದು ವಾರ.

ಟೀಚರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ಅರೆಭಾಷೆ ಮಾತಾಡ್ತದಾ ಅದು?"

"ನೀವು ಓದಿದ್ದನ್ನೆಲ್ಲ ಕಲಿಯುತ್ತೆ ಟೀಚರ್."

ನವೀನ ವಾಕ್ಯಗಳ ಪಟ್ಟಿ ಕಳಿಸಿದ. ಎಲ್ಲ ಅಕ್ಷರಗಳ ಉಚ್ಚಾರಣೆ ಸಿಗಲೆಂದು ಯಾರೋ ಹೊಂದಿಸಿದ ವಾಕ್ಯಗಳು. ಟೀಚರ್ ಕೆಂಪು ಪೆನ್ನು ಹಿಡಿದು ಅದರಲ್ಲಿದ್ದ ತಪ್ಪುಗಳನ್ನೆಲ್ಲ ತಿದ್ದಿದರು. "ಇಂಥ ಕನ್ನಡ ನನ್ನ ಬಾಯಲ್ಲಿ ಉಳಿದ್ರೆ ಮಕ್ಕಳು ನಗ್ತಾರೆ" ಎಂದು ಎಷ್ಟೋ ವಾಕ್ಯಗಳನ್ನು ಹೊಡೆದುಹಾಕಿ ತಮ್ಮವೇ ಬರೆದರು. ಮೆಟ್ಟಿಲು ಉಟ್ಟು. ಮಾತ್ರೆ ತಕೊಂಡ್ರಾ? ಹೊರಗೆ ಮಂಜು ಉಟ್ಟು, ಕಂಬಳಿ ಹೊದ್ಕೊಳ್ಳಿ. ಸಿಟ್ಟು ಮಾಡ್ಬೇಡಿ. ಇಂಥವೇ ನೂರಕ್ಕೂ ಹೆಚ್ಚು. ದನಿ ಚೆನ್ನಾಗಿರುವಾಗಲೇ ಆಗಲಿ ಎಂದು ಮೊದಲ ವಾರದಲ್ಲಿ ಅವನ್ನೇ ಓದಿದರು.

ಕೆಲಸಕ್ಕೆ ಅಡ್ಡ ಬಂದದ್ದು ಮಳೆ. ತಗಡಿನ ಮಾಡಿನ ಮೇಲೆ ಅದು ಬೀಳುವ ಸದ್ದಿನಲ್ಲಿ ಎದುರು ಕೂತವರ ಮಾತೇ ಕೇಳುತ್ತಿರಲಿಲ್ಲ. ಮನೆಯ ನಡುವೆ ಭತ್ತ ತುಂಬುತ್ತಿದ್ದ ಕಿಟಕಿಯಿಲ್ಲದ ಕೋಣೆಯೊಂದಿತ್ತು, ಅದಕ್ಕೆ ಮಾತ್ರ ಹಲಗೆಯ ಅಟ್ಟ. ಸುತ್ತ ಕಂಬಳಿ ತೂಗುಹಾಕಿ, ಕಾಫಿ ಚೀಲಗಳ ನಡುವೆ ಎರಡು ಮಣೆ ಇಟ್ಟುಕೊಂಡೆವು. ಶಾಲೆಯಿಂದ ಬಂದವರೇ ಕಾಫಿ ಕುಡಿದು ಅದರೊಳಗೆ ಹೋಗುವುದು. ಮಳೆ ಯಾವಾಗ ನಿಲ್ಲುತ್ತದೆಂದು ಹೇಳುವ ಕೆಲಸ ಕುಶಾಲಪ್ಪಣ್ಣನದು. ಜಗಲಿಯಲ್ಲಿ ಕೂತು ಕಿವಿಗೊಟ್ಟು, "ಈಗ ಬಿಡ್ತದೆ, ಆ ಗುಡ್ಡದ ಕಡೆ ಬಿಟ್ಟಾಯ್ತು, ಸುರು ಮಾಡಿ!" ಎಂದು ಕೂಗುವರು. ಒಂದು ದಿನವೂ ಅವರ ಅಂದಾಜು ತಪ್ಪಲಿಲ್ಲ. ಹತ್ತು ನಿಮಿಷದ ಬಿಡುವು ಸಿಕ್ಕರೆ ಹನ್ನೆರಡು ವಾಕ್ಯ. ಮತ್ತೆ ಸದ್ದು ಶುರುವಾದರೆ ಟೀಚರ್ ಕಣ್ಣು ಮುಚ್ಚಿ ಗಂಟಲಿಗೆ ಬಿಸಿನೀರು ಹಾಕಿಕೊಂಡು ಕಾಯುವರು.

ಹಾಗೆ ಜುಲೈ ಕಳೆಯಿತು. ದನಿ ದಿನದಿನಕ್ಕೆ ಸವೆಯುತ್ತಿತ್ತು. ನಾಲ್ಕನೇ ವಾರದ ಹೊತ್ತಿಗೆ ಒಂಬೈನೂರು ದಾಟಿದ್ದೆವು. ಕೊನೆಯ ನೂರು ವಾಕ್ಯ ಬರೀ ಉಸಿರಿನಂತೆ ಬಂದವು. ಆಟಿ ಹದಿನೆಂಟರಂದು ಟೀಚರ್ ಮದ್ದುಸೊಪ್ಪಿನ ಪಾಯಸ ಮಾಡಿ, ಆ ನೇರಳೆ ಬಣ್ಣದ ಪಾಯಸವನ್ನು ಮೂವರಿಗೂ ಬಡಿಸಿ, ಸಂಜೆ ಕೊನೆಯ ವಾಕ್ಯ ಓದಿ ಮುಗಿಸಿದರು. ಹೊರಬಂದು ಗಂಡನ ಪಕ್ಕ ಕೂತು, "ಆಯ್ತು, ಇನ್ನು ನಿಮ್ಗೆ ನನ್ನಿಂದ ಬಿಡುಗಡೆ ಇಲ್ಲೆ" ಎಂದು ಪಿಸುಗುಟ್ಟಿದರು. ಕುಶಾಲಪ್ಪಣ್ಣ ಗಟ್ಟಿಯಾಗಿ ನಕ್ಕರು.

ಇಷ್ಟೂ ದಿನ ರೆಕಾರ್ಡಿಂಗುಗಳನ್ನು ನಾನು ಇಟ್ಟಿದ್ದ ರೀತಿಯನ್ನು ಈಗ ಹೇಳಬೇಕು. ಬ್ಯಾಟರಿ ಸತ್ತ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ. ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಲ್ಯಾಪ್‌ಟಾಪಿನಿಂದ ಅಳಿಸಿ ಜಾಗ ಮಾಡಿಕೊಳ್ಳುತ್ತಿದ್ದೆ. ಮೈಸೂರಿಗೆ ಇಂಟರ್ನೆಟ್ಟಿನಲ್ಲಿ ಕಳಿಸೋಣವೆಂದರೆ, ಆ ಮಳೆಗೆ ಟವರು ವಾರದಲ್ಲಿ ನಾಲ್ಕು ದಿನ ಸತ್ತಿರುತ್ತಿತ್ತು. ಇನ್ನೊಂದು ಡಿಸ್ಕ್ ತರುತ್ತೇನೆ ಎಂದುಕೊಂಡೆ, ತರಲಿಲ್ಲ. ಹೀಗೆ ಒಂಬೈನೂರಕ್ಕೂ ಹೆಚ್ಚು ವಾಕ್ಯ ಡಿಸ್ಕಿನಲ್ಲಿ ಮಾತ್ರ ಇದ್ದವು, ಕೊನೆಯ ವಾರದವು ಲ್ಯಾಪ್‌ಟಾಪಿನಲ್ಲಿ.

ಕೈಯಿಂದ ನಕಲು ಮಾಡುವಾಗ ಒಮ್ಮೆ ಕರೆಂಟು ಹೋಗಿ ಎರಡು ವಾಕ್ಯ ಅರ್ಧಂಬರ್ಧವಾಗಿದ್ದವು. ಟೀಚರ ಹತ್ತಿರ ಮತ್ತೆ ಓದಿಸಬೇಕಾಯಿತು. ಅದನ್ನು ಕೇಳಿದ ನವೀನ, ಪ್ರತಿ ನಕಲನ್ನೂ ಹೋಲಿಸಿ ನೋಡುವ ಒಂದು ಪ್ರೋಗ್ರಾಮ್ ಇದೆ, ಕೊನೆಯ ಸಲ ಅದನ್ನೇ ಬಳಸು ಎಂದಿದ್ದ. ಆ ಪ್ರೋಗ್ರಾಮ್ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಇತ್ತು. ಮಾತು ಕಲಿಸುವ ಕೆಲಸಕ್ಕೆಂದು ನವೀನ ಕೊಟ್ಟ ಸಾಫ್ಟ್‌ವೇರ್ ಕಟ್ಟಿನೊಳಗೂ ಅದೇ ಹೆಸರಿನದು, ಆದರೆ ಹೊಸತು, ಇತ್ತು. ಎರಡಕ್ಕೂ ಒಂದೊಂದು ಕೈಪಿಡಿ, ಕೈಪಿಡಿಗಳ ಹೆಸರೂ ಒಂದೇ. ಕಟ್ಟನ್ನು ಹಾಕಿಕೊಳ್ಳುವಾಗ, 'ಈ ಹೆಸರಿನ ಕೈಪಿಡಿ ಆಗಲೇ ಇದೆ, ಅದನ್ನು ಹಾಗೆಯೇ ಬಿಡಲಾಗಿದೆ' ಎಂಬ ಅರ್ಥದ ಒಂದು ಸಾಲು ಪರದೆಯ ಮೇಲೆ ಬಂದಿತ್ತು. ಅಂಥ ಸಾಲುಗಳು ನೂರು ಬರುತ್ತವೆ. ಎಂಟರ್ ಒತ್ತಿ ಮುಂದೆ ಹೋಗಿದ್ದೆ.

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಜೀಪು ಅಂಗಳಕ್ಕೆ ಬಂದಿತ್ತು. ಟೀಚರ್ ಚೀಲ ಕಟ್ಟುತ್ತಿದ್ದರು. ಕೊನೆಯ ವಾರದ ವಾಕ್ಯಗಳನ್ನು ಡಿಸ್ಕಿಗೆ ಸೇರಿಸಲು ಕೂತೆ. ಗೊತ್ತಿಲ್ಲದ ಪ್ರೋಗ್ರಾಮ್, ಓದಿಯೇ ಮಾಡೋಣವೆಂದು ಕೈಪಿಡಿ ತೆರೆದೆ. 'm' ಎಂಬ ಅಕ್ಷರ ಕೊಟ್ಟರೆ ಇಲ್ಲಿರುವುದನ್ನು ಅಲ್ಲಿಗೆ ಕೂಡಿಸುತ್ತದೆ, ಅಲ್ಲಿರುವುದನ್ನು ಮುಟ್ಟುವುದಿಲ್ಲ ಎಂದಿತ್ತು. ಎರಡು ಸಲ ಓದಿದೆ. ಪುಟದ ಅಡಿಯಲ್ಲಿ ಅದರ ಆವೃತ್ತಿಯ ಸಂಖ್ಯೆಯಿತ್ತು. ಪ್ರೋಗ್ರಾಮ್ ಶುರುವಾಗುವಾಗ ತೋರಿಸಿದ ಸಂಖ್ಯೆ ಬೇರೆ. ಅದನ್ನು ನಾನು ನೋಡಿದೆ. ಹೊರಗೆ ಜೀಪಿನ ಹಾರನ್ನು ಕೂಗಿತು. ಕರೆಂಟು ಒಮ್ಮೆ ಮಿಣುಕಿತು. "ಸುಮಾ, ಬಾ!" ಎಂದು ಕುಶಾಲಪ್ಪಣ್ಣ ಕರೆದರು. ಎಂಟರ್ ಒತ್ತಿದೆ.

ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ನಕಲಾಗುತ್ತಿದೆ ಎಂದುಕೊಂಡೆ. ನಿಂತ ಕೂಡಲೇ ಡಿಸ್ಕ್ ಕಿತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಓಡಿದೆ.

ಮೈಸೂರಿನಲ್ಲಿ ಟೀಚರಿಗೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಮಾರನೆಯ ದಿನ ಡಿಸ್ಕ್ ತೆಗೆದುಕೊಂಡು ನವೀನನ ಹತ್ತಿರ ಹೋದೆ. ಅವನು ತೆರೆದು ನೋಡಿ, "ಉಳಿದದ್ದೆಲ್ಲಿ?" ಎಂದ.

"ಎಲ್ಲ ಅದರಲ್ಲೇ ಇದೆ."

"ತೊಂಬತ್ತಾರು ಇವೆ ಸುಮಾ."

ನನ್ನ ಲ್ಯಾಪ್‌ಟಾಪು ತೆಗೆದುಕೊಂಡ. ಅರ್ಧ ಗಂಟೆ ಕೀಲಿ ಒತ್ತುತ್ತಾ ಹುಡುಕಿದ. ಆಮೇಲೆ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದು ತೋರಿಸಿದ. ಒಂದು ನಾನು ಓದಿದ್ದು. ಇನ್ನೊಂದು ಅವನ ಕಟ್ಟಿನೊಳಗೆ ಎಲ್ಲೋ ಮೂಲೆಯಲ್ಲಿ, ಯಾರೂ ತೆರೆಯದೆ ಬಿದ್ದಿದ್ದು. ಹೊಸ ಪ್ರೋಗ್ರಾಮಿನಲ್ಲಿ ಅದೇ 'm' ಅಕ್ಷರಕ್ಕೆ ಬೇರೆ ಅರ್ಥ ಕೊಟ್ಟಿದ್ದರು: ಅಲ್ಲಿರುವುದನ್ನು ಇಲ್ಲಿರುವುದರ ತದ್ರೂಪ ಮಾಡು, ಇಲ್ಲಿ ಇಲ್ಲದ್ದನ್ನು ಅಲ್ಲಿಂದ ತೆಗೆ. ಓಡಿದ್ದು ಹೊಸ ಪ್ರೋಗ್ರಾಮು, ನಾನು ಓದಿದ್ದು ಹಳೆಯದರ ಕೈಪಿಡಿ. ಜಾಗಕ್ಕೆಂದು ನಾನು ಮೊದಲೇ ಅಳಿಸಿದ್ದ ಒಂಬೈನೂರು ವಾಕ್ಯಗಳನ್ನು ಅದು ಡಿಸ್ಕಿನಿಂದಲೂ ಅಳಿಸಿತ್ತು.

"ನಾನು ಹೇಳಬೇಕಿತ್ತು. ನನಗೂ ಹೊಳೀಲಿಲ್ಲ" ಎಂದ ನವೀನ. ಅವನ ಮುಖ ನೋಡಲಾರದೆ ಪರದೆಯನ್ನೇ ನೋಡುತ್ತಿದ್ದೆ. ಅಳಿಸಿದ್ದನ್ನು ವಾಪಸು ತೆಗೆಯುವವರ ಅಂಗಡಿಗೆ ಡಿಸ್ಕ್ ಕೊಟ್ಟೆವು. ವಾರ ಬಿಟ್ಟು ಕೊಟ್ಟರು. ಕೇಳಿದರೆ ಮರ ಸೀಳಿದಂಥ ಕರಕರ ಸದ್ದು, ನಡುನಡುವೆ ಅರ್ಧ ಅಕ್ಷರ.

ನಾನು ಮುಚ್ಚಿಟ್ಟೆ. ಆಸ್ಪತ್ರೆಯಲ್ಲಿ ಟೀಚರ್ ಗಂಟಲಿಗೆ ಬಟ್ಟೆ ಸುತ್ತಿಕೊಂಡು ಕೂತು ಸ್ಲೇಟಿನಲ್ಲಿ, 'ಕೆಲಸ ಶುರುವಾಯ್ತಾ?' ಎಂದು ಬರೆದರೆ ತಲೆಯಾಡಿಸಿದೆ. ಕುಶಾಲಪ್ಪಣ್ಣ ವಾರ್ಡಿನ ಹೊರಗಿನ ಬೆಂಚಿನಲ್ಲಿ ಮಡಿಲಿಗೆ ಕೈಯಿಟ್ಟು ಕೂತಿರುವರು. "ಎಷ್ಟು ದಿನ ಆಗ್ತದೆ ಸುಮ? ಅವಳು ಒಳಗಿದ್ದಾಳಾ ಇಲ್ವಾ ಅಂತಾನೇ ಗೊತ್ತಾಗೂದಿಲ್ಲ ನಂಗೆ. ಕೈ ಮುಟ್ಟಿದ್ರೆ ಉಂಟು. ಬಿಟ್ರೆ ಇಲ್ಲ." ಇನ್ನು ಸ್ವಲ್ಪ ದಿನ ಎಂದೆ. ಹೀಗೆ ಹನ್ನೊಂದು ದಿನ ಸುಳ್ಳು ಹೇಳಿದೆ.

ಮೂರ್ನಾಡಿಗೆ ಮರಳಿದ ಮರುದಿನ ಮಧ್ಯಾಹ್ನ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಗಿ ಕೇಳುತ್ತಿತ್ತು. ಟೀಚರ್ ಸ್ಲೇಟ್ ಎಳೆದುಕೊಂಡು ಬರೆದರು: 'ಓದಿ ಮಾಡಿದೆಯಾ?'

"ಎರಡು ಸಲ ಓದಿದೆ ಟೀಚರ್. ಆದರೆ ಅಡಿಯಲ್ಲಿ ಸಂಖ್ಯೆ ಬೇರೆ ಇತ್ತು. ಅದನ್ನ ನೋಡಿದ್ದೆ. ನೋಡಿಯೂ ನಿಲ್ಲಲಿಲ್ಲ."

ಅವರು ಬಹಳ ಹೊತ್ತು ಬಳಪ ಹಿಡಿದು ಕೂತರು. ಆಮೇಲೆ ಒಂದೇ ಉಸಿರಿಗೆ ಎರಡು ಸಾಲು ಬರೆದರು. ನನ್ನ ಕಡೆ ತಿರುಗಿಸುವ ಮೊದಲೇ ಅಂಗೈಯಿಂದ ಒರೆಸಿ, ಸ್ಲೇಟನ್ನು ಬೋರಲು ಹಾಕಿ ಎದ್ದು ಒಳಗೆ ಹೋದರು.

"ಎಂತ ಬರೆದಳು?" ಎಂದರು ಕುಶಾಲಪ್ಪಣ್ಣ.

"ಒರೆಸಿಬಿಟ್ಟರು."

ಮಳೆ ಹೊಡೆಯುತ್ತಲೇ ಇತ್ತು.

ಉಳಿದಿದ್ದ ತೊಂಬತ್ತಾರು ವಾಕ್ಯಗಳಲ್ಲಿ ಒಂದನ್ನು ಕುಶಾಲಪ್ಪಣ್ಣ ಕೇಳಿದರು. "ಇದು ಕಾಯಿಲೆಯ ಸ್ವರ. ಇದು ಬೇಡ" ಎಂದರು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ ಹುಡುಕಿ ತಂದೆ. ಅದರಲ್ಲಿ ಟೀಚರ್ ಮೈಕಿನಲ್ಲಿ ಬಹುಮಾನ ಪಡೆದ ಮಕ್ಕಳ ಹೆಸರು ಕೂಗುತ್ತಿದ್ದರು. ಅದನ್ನು ಪೂರ್ತಿ ಕೇಳಿ, "ಇದು ಶಾಲೆಯ ಜಾನಕಿ. ಮನೆಯವಳು ಹೀಗೆ ಮಾತಾಡ್ಲಿಕ್ಕಿಲ್ಲ" ಎಂದರು.

ನವೀನ ಕೊನೆಗೆ ಸಿದ್ಧವಾಗಿ ಸಿಗುವ ಒಂದು ಕನ್ನಡ ದನಿಯನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಟೀಚರ್ ಒಪ್ಪಿದರು. ಒಂದು ಸಂಜೆ ಕುಶಾಲಪ್ಪಣ್ಣ ಅಂಗಳಕ್ಕೆ ಇಳಿಯುತ್ತಿದ್ದಾಗ ಅವರು ಬೇಗ ಬೇಗ ಟೈಪ್ ಮಾಡಿದರು. ಯಂತ್ರ, "ಮೆಟ್ಟಿಲು ಉಟ್ಟು" ಎಂದಿತು. ಸೀರೆ ಉಡುವ 'ಉಟ್ಟು' ಎಂಬಂತೆ, ಯಾವುದೋ ಪಟ್ಟಣದ ಹೆಂಗಸಿನ ದನಿ. ಕುಶಾಲಪ್ಪಣ್ಣ ನಿಂತು ಮುಖವನ್ನು ಗೇಟಿನ ಕಡೆ ತಿರುಗಿಸಿ ಕೇಳಿದರು: "ಯಾರು ಬಂದದ್ದು?"

ಟೀಚರ್ ಲ್ಯಾಪ್‌ಟಾಪು ಮುಚ್ಚಿದರು. ಮತ್ತೆಂದೂ ಅದನ್ನು ತೆರೆಯಲಿಲ್ಲ.

ಅವರು ಹಿಡಿದ ದಾರಿ ಬೇರೆ. ಗಂಡನ ಅಂಗೈ ಬಿಡಿಸಿ, ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಯತೊಡಗಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕುಶಾಲಪ್ಪಣ್ಣ ಒಂದನೇ ಕ್ಲಾಸಿನ ಮಗುವಿನಂತೆ ಗಟ್ಟಿಯಾಗಿ ಹೇಳುವರು, "ಮ... ಮಾ... ಮಾತ್ರೆ." ತಪ್ಪಿದರೆ ಟೀಚರ್ ಅಂಗೈಗೆ ಒಂದು ಪೆಟ್ಟು ಕೊಟ್ಟು ಮತ್ತೆ ಬರೆಯುವರು. ಪಕ್ಕದ ಕೋಣೆಯಲ್ಲಿ ನಾನು ಅದನ್ನು ಕೇಳಿಸಿಕೊಳ್ಳುತ್ತಾ ಕೂತಿರುತ್ತಿದ್ದೆ. ಟೀಚರ್ ನನ್ನನ್ನು ಎಂದಿನಂತೆಯೇ ಊಟಕ್ಕೆ ಸನ್ನೆ ಮಾಡಿ ಕರೆಯುತ್ತಿದ್ದರು, ಎಳೆ ಬಿದಿರಿನ ಕಣಿಲೆ ಸಾರು ಮಾಡಿದರೆ ಬಟ್ಟಲು ತಂದಿಡುತ್ತಿದ್ದರು. ಆ ವಿಷಯವನ್ನು ಮತ್ತೆ ಬರೆಯಲಿಲ್ಲ. ಮಾರ್ಚಿನಲ್ಲಿ ನನ್ನ ಗುತ್ತಿಗೆ ಮುಗಿಯಿತು. ಬಸ್ಸು ಹತ್ತಿಸಲು ಬಂದವರು ನನ್ನ ಕೈಗೆ ಕರಿಮೆಣಸಿನ ಪೊಟ್ಟಣ ಕೊಟ್ಟು, ಒಂದು ಗಳಿಗೆ ಕೈ ಹಿಡಿದುಕೊಂಡರು. ಅದರ ಅರ್ಥವನ್ನು ಈಗಲೂ ನಾನು ನಿಶ್ಚಯವಾಗಿ ಹೇಳಲಾರೆ. ಆಮೇಲೆ ಆರು ವರ್ಷ ನಾನು ಆ ಕಡೆ ಹೋಗಲಿಲ್ಲ.

ಬ್ಯಾಂಕಿನಿಂದ ಎದ್ದುಬಂದ ಆ ವಾರದ ಭಾನುವಾರ ಮೂರ್ನಾಡಿಗೆ ಹೋದೆ. ಟೀಚರ್ ಹಣ್ಣಾಗಿದ್ದರು. ನನ್ನನ್ನು ನೋಡಿ ಎರಡೂ ಕೈಯಿಂದ ಕೆನ್ನೆ ಹಿಡಿದು, ಕೂತಿರು ಎಂದು ಸನ್ನೆ ಮಾಡಿ ಕಾಫಿಗೆ ಒಳಗೆ ಹೋದರು. ಜಗಲಿಯಲ್ಲಿ ಕುಶಾಲಪ್ಪಣ್ಣ, ನಾನು.

"ಈಗ ಎಲ್ಲ ಓದ್ತೇನೆ ನಾನು" ಎಂದು ಅಂಗೈ ತೋರಿಸಿದರು. "ಪೇಪರಿನ ಸುದ್ದಿ ಕೂಡ ಬರೀತಾಳೆ. ಜಗಳ ಮಾತ್ರ ಆಗೂದಿಲ್ಲ ಮಾರಾಯ್ತಿ. ಐದಕ್ಷರ ಬರೆಯೂದರೊಳಗೆ ಅವಳ ಸಿಟ್ಟು ಇಳಿದಿರ್ತದೆ. ಮೊದ್ಲು ಎಷ್ಟು ಬೈತಿದ್ದಳು!"

ನಕ್ಕೆ. ಅವರೂ ನಕ್ಕರು. ಆಮೇಲೆ ಒಳಗಿನ ಪಾತ್ರೆಯ ಸದ್ದಿಗೆ ಕಿವಿಗೊಟ್ಟು, ಟೀಚರ್ ದೂರವಿದ್ದಾರೆಂದು ಖಚಿತ ಮಾಡಿಕೊಂಡು, ನನ್ನ ಕಡೆ ಬಾಗಿದರು.

"ಸುಮ, ನಿಂಗೆ ಒಂದು ಹೇಳ್ತೇನೆ. ಮೊದ್ಲೆಲ್ಲ ಅವಳು ಕೈಯಲ್ಲಿ ಬರೆದದ್ದು ನನ್ನ ತಲೆಯೊಳಗೆ ಅವಳ ಸ್ವರದಲ್ಲೇ ಕೇಳ್ತಿತ್ತು. ಈಗ ಇಲ್ಲ. ಒಂದು ವರ್ಷ ಆಯ್ತು. ಎಷ್ಟು ನೆನಪು ಮಾಡಿದ್ರೂ ಬರೂದಿಲ್ಲ. ಬರೇ ಮಾತು ಬರ್ತದೆ, ಸ್ವರ ಬರೂದಿಲ್ಲ." ತೆರೆದ ಅಂಗೈಯನ್ನು ಮುಚ್ಚಿಕೊಂಡರು. "ಅವಳಿಗೆ ಹೇಳ್ಬೇಡ. ಈಗ್ಲೂ ನಿನ್ನ ಸ್ವರ ಕೇಳ್ತದೆ ಅಂತಾನೇ ಹೇಳಿದ್ದೇನೆ ನಾನು."

ಟೀಚರ್ ಮೂರು ಲೋಟ ಹಿಡಿದು ಬಂದರು. ಒಂದನ್ನು ಗಂಡನ ಬಲಗೈಗೆ ತಾಗಿಸಿ ಇಟ್ಟರು. ನಮ್ಮಿಬ್ಬರ ಮುಖ ನೋಡಿ, ಏನು ಮಾತಾಡುತ್ತಿದ್ದಿರಿ ಎಂದು ನನ್ನ ಕಡೆ ಹುಬ್ಬು ಎತ್ತಿ ಕೇಳಿದರು.

"ಈ ವರ್ಷ ಮಳೆ ತಡ ಆಯ್ತು ಅಂತಿದ್ರು ಟೀಚರ್" ಎಂದೆ.